ಮೂವರು ಕಂಪೈಲರಿಗೆ ಒಂದೇ ಕುರ್ಚಿ

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಅದು ಅಲ್ಲಿಂದ ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಬಸ್ ಡಿಪೋದಲ್ಲಿ ಎಲ್ಲರಿಗೂ ಅವನು ಆಗ್ಲಪ್ಪ. ಯಾರು ಏನು ಹೇಳಿದರೂ 'ಆಗ್ಲಿ' ಎನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು. ರಜೆಯ ದಿನ ಕೆಲಸಕ್ಕೆ ಬರ್ತೀರಾ ಎಂದರೆ ಆಗ್ಲಿ. ನಿಮ್ಮ ಛತ್ರಿ ತಗೊಂಡು ಹೋಗ್ಲಾ ಎಂದರೆ, ಹೊರಗೆ ಮಳೆ ಸುರಿಯುತ್ತಿದ್ದರೂ ಆಗ್ಲಿ. ಒಮ್ಮೆ ಹಲ್ಲಿನ ಡಾಕ್ಟರು ತಪ್ಪು ಹಲ್ಲನ್ನು ಹಿಡಿದು "ಇದೇ ತಾನೆ?" ಎಂದಾಗಲೂ ಆಗ್ಲಿ ಎಂದು, ಒಳ್ಳೆಯ ಹಲ್ಲನ್ನು ಅಲ್ಲೇ ಬಿಟ್ಟು ನೋಯುವ ಹಲ್ಲಿನೊಂದಿಗೆ ಮನೆಗೆ ಬಂದಿದ್ದ.

ಡಿಪೋದ ಹಿಂಭಾಗದಲ್ಲಿ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಅವನ ಕಚೇರಿ. ಹಿಂದೆ ಅಲ್ಲಿ ಹಳೆಯ ಟಿಕೆಟ್ ಕಟ್ಟುಗಳನ್ನು ತುಂಬಿಡುತ್ತಿದ್ದರು. ಈಗ ಒಂದು ಲಿನಕ್ಸ್ ಕಂಪ್ಯೂಟರು, ಒಂದು ಪ್ರಿಂಟರು, ಚಳಿಗಾಲದಲ್ಲೂ ನಿಲ್ಲದ ಒಂದು ಎ.ಸಿ., ಒಂದು ಕುರ್ಚಿ, ಅದರ ಮೇಲೆ ಆಗ್ಲಪ್ಪ. ಬಸ್ಸುಗಳ ವೇಳಾಪಟ್ಟಿ ಹುಟ್ಟುತ್ತಿದ್ದುದು ಇಲ್ಲೇ. ಅದರ ಪ್ರೋಗ್ರಾಮನ್ನು ಬರೆದಿದ್ದವರು ನಿವೃತ್ತರಾಗಿ ಹೋದ ಹಳೆ ಇಂಜಿನಿಯರು. ಅವರಿಗೆ ಎಲ್ಲ ಮಾರ್ಗಗಳೂ ಬಾಯಿಪಾಠವಾಗಿದ್ದರಿಂದ ಯಾವ ಬಸ್ಸು ಯಾವ ರಸ್ತೆ ಎಂಬುದನ್ನು ಬೇರೆ ಕಡತದಲ್ಲಿ ಇಡದೆ ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದಿಟ್ಟಿದ್ದರು. ಒಂದು ಬಸ್ಸು ಒಂದು ತಿರುವು ಬದಲಿಸಿದರೂ ಇಡೀ ಪ್ರೋಗ್ರಾಮನ್ನು ಮತ್ತೆ ಯಂತ್ರದ ಭಾಷೆಗೆ ತಿರುಗಿಸಬೇಕು. ಹಾಗೆ ತಿರುಗಿಸುವುದೇ ಕಂಪೈಲರಿನ ಕೆಲಸ.

ತೊಡಕೆಂದರೆ, ಹಳೆ ಇಂಜಿನಿಯರರ ಬರವಣಿಗೆ ಕಂಪೈಲರಿನ ನಾಲ್ಕನೇ ಆವೃತ್ತಿಗೆ ಬಿಟ್ಟು ಇನ್ನಾವುದಕ್ಕೂ ಅರ್ಥವಾಗುತ್ತಿರಲಿಲ್ಲ. ನಿಲ್ದಾಣದಲ್ಲಿ ಘೋಷಣೆ ಕೂಗುವ ಪ್ರೋಗ್ರಾಮಿಗೆ ಏಳನೆಯದೇ ಆಗಬೇಕು. ಚಾಲಕರ ಪಾಳಿ ಹಂಚುವ ಹೊಸ ಪ್ರೋಗ್ರಾಮಿಗೆ ಹನ್ನೆರಡನೆಯದು. ಮೂರನ್ನೂ ಒಂದೇ ಯಂತ್ರದಲ್ಲಿ ಸಾಕಬೇಕು. ಅವುಗಳನ್ನು ತರುವುದು, ಕೂರಿಸುವುದು, ಬೇಡವಾದರೆ ಎತ್ತಿಹಾಕುವುದು ಪ್ಯಾಕೇಜ್ ಮ್ಯಾನೇಜರ್ ಎಂಬ ಇನ್ನೊಂದು ಪ್ರೋಗ್ರಾಮಿನ ಜವಾಬ್ದಾರಿ. ಆದರೆ ಬರೀ 'ಕಂಪೈಲರ್' ಎಂದು ಕರೆದರೆ ಓಗೊಡುವುದು ಒಂದೇ. ಯಾವುದು ಎಂದು ಮೊದಲೇ ಹೇಳಿಡುವವನು ಆಗ್ಲಪ್ಪ. ಈ ಕೆಲಸದಲ್ಲಿ ಮಾತ್ರ ಅವನು ಎಂದೂ ಎಡವಿರಲಿಲ್ಲ. ಈ ಸಂಗತಿ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಒಂದು ಭಾನುವಾರ, ಮಾವನ ಮನೆಯಲ್ಲಿ, ಊಟದ ಹೊತ್ತಿಗೆ. ಬಣ್ಣದ ಕಾರ್ಖಾನೆಯಲ್ಲಿದ್ದ ಷಡ್ಕ ಆ ವಾರವಷ್ಟೇ ಸೂಪರ್‌ವೈಸರ್ ಆಗಿದ್ದ.

"ಈಗ ನನ್ನ ಕೈಕೆಳಗೆ ಇಬ್ಬರು," ಎಂದು ಷಡ್ಕ ಎರಡು ಬೆರಳು ಎತ್ತಿ ಅತ್ತೆಗೆ, ನಾದಿನಿಗೆ, ಕೊನೆಗೆ ನೀರಿನ ತಂಬಿಗೆಗೂ ತೋರಿಸಿದ.

ನಲವತ್ತು ವರ್ಷ ಹೆಡ್‌ಮಾಸ್ತರರಾಗಿದ್ದ ಮಾವ ಹಿರಿಯ ಅಳಿಯನ ಕಡೆ ತಿರುಗಿದರು. "ನಿಮ್ಮ ಕೈಕೆಳಗೆ ಎಷ್ಟು ಜನ ಅಳಿಯಂದ್ರೇ?"

ಯಾರೂ ಇಲ್ಲ ಎನ್ನಬೇಕೆಂದೇ ಆಗ್ಲಪ್ಪ ಬಾಯಿ ತೆರೆದ. ಆದರೆ ಷಡ್ಕನ ಎರಡು ಬೆರಳು ಇನ್ನೂ ಗಾಳಿಯಲ್ಲೇ ಇದ್ದವು.

"ಮೂರು," ಎಂದ.

"ಮೂರು ಜನಾನಾ!"

"ಜನ ಅಂದ್ರೆ... ಕಂಪೈಲರು."

"ಹಾಗಂದ್ರೆ ಏನಪ್ಪಾ?" ಷಡ್ಕ ಕೇಳಿದ.

"ಯಾರೋ ಬರೆದಿದ್ದನ್ನ ಇನ್ನೊಂದು ಭಾಷೆಗೆ ತಿರುಗಿಸಿಕೊಡೋದು. ಹಳೇದು, ಅಂದ್ರೆ ನಾಲ್ಕನೇದು, ಸ್ವಲ್ಪ ನಿಧಾನ. ಹೊಸದು ಚುರುಕು, ಆದ್ರೆ ಎಲ್ಲದರಲ್ಲೂ ತಪ್ಪು ಹುಡುಕುತ್ತೆ. ನಡುವಿನದು ಯಾಕಿದೆ ಅಂತ ಬೇರೆ ಯಾರಿಗೂ ಗೊತ್ತಿಲ್ಲ, ತೆಗೆದ್ರೆ ಮಾತ್ರ ಎಲ್ಲಾ ನಿಂತುಹೋಗುತ್ತೆ."

ಮಾವ ಸೌಟನ್ನು ಕೆಳಗಿಟ್ಟರು. "ಅಳಿಯಂದ್ರೇ, ಒಂದು ಮಾತು. ಕೈಕೆಳಗಿನವರಾದ್ರೇನು, ವಿದ್ಯಾವಂತರು. ಅವರನ್ನ ಅದು ಇದು ಅಂತೀರಲ್ಲ?"

ಊಟದ ಮನೆ ನಿಶ್ಶಬ್ದವಾಯಿತು. ಮನುಷ್ಯನ ಬಾಳಿನಲ್ಲಿ ನಿಜ ಹೇಳುವುದಕ್ಕೆಂದೇ ಬಿಟ್ಟಿರುವ ಜಾಗಗಳು ಕೆಲವಿರುತ್ತವೆ. ಅವು ಹೀಗೇ ನಿಶ್ಶಬ್ದವಾಗಿ, ಒಂದು ತುತ್ತಿನಷ್ಟು ಅಗಲವಾಗಿ ಇರುತ್ತವೆ. ಆಗ್ಲಪ್ಪ ಹೆಂಡತಿಯ ಮುಖ ನೋಡಿದ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅದು ಅಷ್ಟು ಬೆಳಗಿದ್ದನ್ನು ಅವನು ಕಂಡಿರಲಿಲ್ಲ.

"ಆಗ್ಲಿ ಮಾವ," ಎಂದ. "ಇನ್ಮೇಲೆ ಅವರು ಅಂತೀನಿ."

ಅಲ್ಲಿಂದ ಶುರುವಾಯಿತು.

ಮೊದಲು ಹೆಂಡತಿ. "ಏನ್ರೀ, ಮೂರು ಜನಾನೂ ಒಂದ್ಸಲ ಊಟಕ್ಕೆ ಕರೀರಿ."

"ಅವರು ಊಟ ಮಾಡೋದಿಲ್ಲ."

"ಮೂವರೂ?"

"ಮೂವರೂ."

"ಯಾವಾಗ್ಲೂ?"

"ಕರೆಂಟ್ ಇದ್ರೆ ಸಾಕು ಅವರಿಗೆ."

ಹೆಂಡತಿ ಇದನ್ನು ತಾಯಿಗೆ ಹೇಳಿದಳು: ಅಮ್ಮಾ, ಆ ಜನ ಅದೆಷ್ಟು ಕಷ್ಟಪಡ್ತಾರೆ ಅಂದ್ರೆ ಊಟದ ಪರಿವೆಯೇ ಇಲ್ಲ, ದೀಪ ಒಂದು ಉರೀತಿದ್ರೆ ಕೆಲಸ ಮಾಡ್ತಾನೇ ಇರ್ತಾರೆ. ಅತ್ತೆ ಕಣ್ಣೊರೆಸಿಕೊಂಡು, ಆ ಕೋಣೆಯ ಎ.ಸಿ. ನೆನಪಾಗಿ, ನಾಲ್ಕನೆಯವರಿಗೆ ವಯಸ್ಸಾಗಿದೆಯಲ್ಲವೇ ಎಂದು ಒಂದು ಕಂದು ಬಣ್ಣದ ಮಫ್ಲರ್ ಹೆಣೆಯಲು ಕುಳಿತರು.

ಆಮೇಲೆ ಎದುರುಮನೆಯ ಟೈಲರು ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದರು. "ಸಾರ್, ನನ್ನ ಭಾವಮೈದ ಖಾಲಿ ಕೂತಿದ್ದಾನೆ. ನಿಮ್ಮ ನಾಲ್ಕನೆಯವರು ರಿಟೈರಾಗ್ತಾರಂತಲ್ಲ, ಆ ಜಾಗಕ್ಕೆ ಒಂದು ಮಾತು ಹಾಕಿ."

"ಅವರ ಜಾಗಕ್ಕೆ ಇನ್ನೊಬ್ಬರು ಬರೋಕಾಗಲ್ವಲ್ಲ."

"ಅಷ್ಟೊಂದು ಕೆಲಸ ಬಲ್ಲವರಾ?"

"ಹಳೆ ಇಂಜಿನಿಯರ್ ಕೈಬರಹ ಅವರೊಬ್ಬರಿಗೇ ತಿಳಿಯೋದು."

"ನಮ್ಮ ಹುಡುಗನಿಗೂ ಅರ್ಜಿ ಬರೆದಿಡೋಕೆ ಹೇಳ್ಲಾ?"

"ಆಗ್ಲಿ," ಎಂದ ಆಗ್ಲಪ್ಪ. ಭಾವಮೈದ ಬರೆದ ಅರ್ಜಿ ಮಾರನೆಯ ದಿನವೇ ಬಂತು. 'ಎಂಟನೇ ಕಂಪೈಲರ್ ಹುದ್ದೆಯಾದರೂ ಸರಿ' ಎಂದು ಅದರಲ್ಲಿತ್ತು.

ಮುಂದಿನ ಭಾನುವಾರ ಮಾವ ಕೆಲಸದ ವಿವರವನ್ನೆಲ್ಲ ಕೆದಕಿ ಕೆದಕಿ ಕೇಳಿದರು. ಹೇಗೆ ನಿಭಾಯಿಸ್ತೀರಿ ಮೂವರನ್ನ? ಆಗ್ಲಪ್ಪ ಸುಳ್ಳು ಹೇಳುವವನಲ್ಲ. ಇದ್ದದ್ದನ್ನೇ ಹೇಳಿದ. "ಕುರ್ಚಿ ಒಂದೇ ಮಾವ. ಯಾರ ಕೆಲಸ ಇದೆಯೋ ಅವರನ್ನ ಕೂರಿಸ್ತೀನಿ. ಮಿಕ್ಕಿದ್ದವರು ಸುಮ್ನೆ ಒಂದು ಕಡೆ ಇರ್ತಾರೆ."

ಮಾವ ಕನ್ನಡಕ ತೆಗೆದರು. "ಮೂವರು ವಿದ್ಯಾವಂತರಿಗೆ ಒಂದೇ ಕುರ್ಚಿ? ನಿಂತ್ಕೊಂಡಿರ್ತಾರಾ?"

"ನಿಂತ್ಕೊಂಡು ಅಂತೇನಿಲ್ಲ..."

"ನಿಮ್ಮ ಡಿಪೋದವರಿಗೆ ಮನುಷ್ಯತ್ವ ಇದೆಯೇನ್ರೀ?"

ಆ ದಿನದಿಂದ ಮಾವ ಸಂಜೆಯ ವಾಕಿಂಗ್ ಗೆಳೆಯರಿಗೆಲ್ಲ ಮೂವರು ಕಂಪೈಲರ ದುರವಸ್ಥೆಯನ್ನು ಹೇಳತೊಡಗಿದರು. ನಿವೃತ್ತರಾದವರಿಗೆ ಅನ್ಯಾಯದಷ್ಟು ಚೈತನ್ಯ ಕೊಡುವ ಟಾನಿಕ್ಕು ಬೇರೊಂದಿಲ್ಲ. ವಾಕಿಂಗಿಗೆ ಬರುವವರ ಸಂಖ್ಯೆ ದುಪ್ಪಟ್ಟಾಯಿತು.

ಇದೇ ಸಮಯಕ್ಕೆ ಡಿಪೋಗೆ ಹೊಸ ಸಾಹೇಬರು ಬಂದರು. ಅವರದು ಒಂದೇ ತತ್ವ: ಯಾವುದೂ ಒಂದಕ್ಕಿಂತ ಹೆಚ್ಚು ಇರಬಾರದು. ವರ್ಕ್‌ಶಾಪಿನಲ್ಲಿ ಎರಡು ಗಡಿಯಾರ ಕಂಡು ಒಂದನ್ನು ತೆಗೆಸಿದರು. ತೆಗೆಸಿದ್ದು ಸರಿಯಾಗಿ ಓಡುತ್ತಿದ್ದದ್ದನ್ನು. ಎರಡು ಬಾಗಿಲಿದ್ದ ಸ್ಟೋರಿಗೆ ಒಂದು ಬಾಗಿಲನ್ನು ಮುಚ್ಚಿಸಿದರು. ಒಳಗಿದ್ದ ಸ್ಟೋರ್‌ಕೀಪರ್ ಹೊರಗೆ ಬರಲು ಅರ್ಧ ದಿನ ಹಿಡಿಯಿತು. ಸೋಮವಾರ ಅವರು ಆಗ್ಲಪ್ಪನ ಕೋಣೆಗೆ ಬಂದು, ಅವನನ್ನು ಎಬ್ಬಿಸಿ, ಇದ್ದ ಒಂದೇ ಕುರ್ಚಿಯಲ್ಲಿ ಕುಳಿತು, ಪರದೆಯನ್ನು ನೋಡಿದರು.

"ಇದೇನ್ರೀ, ಒಂದೇ ಕಂಪೈಲರಿಗೆ ಮೂರು ಆವೃತ್ತಿ?"

"ಹೌದು ಸಾರ್, ಒಂದೊಂದು ಪ್ರೋಗ್ರಾಮಿಗೆ..."

"ಹೊಸದು ಯಾವುದು?"

"ಹನ್ನೆರಡು ಸಾರ್."

"ಹೊಸದು ಇದ್ದ ಮೇಲೆ ಹಳೇದು ಯಾಕೆ? ನೀವು ಹೊಸ ಶರ್ಟ್ ಹಾಕಿದ ಮೇಲೆ ಅದರ ಮೇಲೆ ಹಳೇದನ್ನೂ ಹಾಕ್ತೀರಾ? ಶುಕ್ರವಾರ ಬೆಳಗ್ಗೆ ವಿಭಾಗದಿಂದ ಮೇಡಂ ತಪಾಸಣೆಗೆ ಬರ್ತಾರೆ. ಅಷ್ಟರೊಳಗೆ ಮಿಕ್ಕಿದ ಎರಡೂ ಹೋಗಿರ್ಬೇಕು. ಇಲ್ದಿದ್ರೆ ಹೋಗೋದು ನೀವು, ಟೈರ್ ಗೋಡೌನಿಗೆ. ತಿಳೀತಾ?"

ಟೈರ್ ಗೋಡೌನಿಗೆ ಹೋದವರು ಹಿಂತಿರುಗಿದ ದಾಖಲೆ ಡಿಪೋದಲ್ಲಿರಲಿಲ್ಲ. ರಬ್ಬರಿನ ವಾಸನೆಯಲ್ಲಿ ಮುಳುಗಿ ಅವರು ಅಲ್ಲೇ ನಿವೃತ್ತರಾಗುತ್ತಿದ್ದರು.

"ಆಗ್ಲಿ ಸಾರ್," ಎಂದ ಆಗ್ಲಪ್ಪ.

ಬುಧವಾರದವರೆಗೆ ತಡೆದ. ಬುಧವಾರ ಮಧ್ಯಾಹ್ನ ಪ್ಯಾಕೇಜ್ ಮ್ಯಾನೇಜರಿಗೆ ಆಜ್ಞೆ ಕೊಟ್ಟ: ನಾಲ್ಕನ್ನೂ ಏಳನ್ನೂ ತೆಗೆ. ಯಂತ್ರ ಒಮ್ಮೆಗೇ ತೆಗೆಯಲಿಲ್ಲ. ಇವೆರಡರ ಜೊತೆಗೆ ಇವನ್ನು ನಂಬಿಕೊಂಡಿರುವ ಇನ್ನೂ ಒಂಬತ್ತು ಹೋಗುತ್ತವೆ ಎಂದು ಪಟ್ಟಿ ತೋರಿಸಿ, 'ಮುಂದುವರಿಯಲೇ? ಹೌದು, ಇಲ್ಲ' ಎಂಬ ಅರ್ಥದ ಎರಡು ಇಂಗ್ಲಿಷ್ ಅಕ್ಷರಗಳನ್ನಿಟ್ಟು ಕಾದು ಕುಳಿತಿತು. ಹೌದು ಎನ್ನುವ ಅಕ್ಷರ ದೊಡ್ಡದು, ಇಲ್ಲ ಎನ್ನುವುದು ಸಣ್ಣದು. ಏನನ್ನೂ ಹೇಳದೆ ಸುಮ್ಮನೆ ಎಂಟರ್ ಒತ್ತಿದರೆ ಹೌದು ಎಂದೇ ಅರ್ಥ. ಆಗ್ಲಪ್ಪನನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರೋ ಈ ವ್ಯವಸ್ಥೆಯನ್ನು ಮಾಡಿದಂತಿತ್ತು.

ಎ.ಸಿ. ಗುಂಯ್ ಎಂದಿತು. ಆಗ್ಲಪ್ಪ ಏನನ್ನೂ ಹೇಳಲಿಲ್ಲ. ಎಂಟರ್ ಒತ್ತಿದ.

ಮನೆಗೆ ಹೋಗಿ ಊಟಕ್ಕೆ ಕುಳಿತವನು ತಟ್ಟೆಯನ್ನೇ ನೋಡುತ್ತಿದ್ದ.

"ಯಾಕ್ರೀ?" ಎಂದಳು ಹೆಂಡತಿ.

"ಇಬ್ಬರನ್ನ ತೆಗೆದುಹಾಕಿಬಿಟ್ಟೆ. ಸಾಹೇಬರ ಆರ್ಡರು."

"ಯಾರನ್ನ?"

"ನಾಲ್ಕು ಮತ್ತೆ ಏಳು."

"ಅಯ್ಯೋ! ಆ ವಯಸ್ಸಾದವರನ್ನ? ನೋಟಿಸ್ ಕೊಟ್ರಾ?"

"ಒಂದು ಬಟನ್ ಒತ್ತಿದೆ ಅಷ್ಟೆ."

"ಏನಂದ್ರು ಅವರು?"

"ಏನಂತಾರೆ. ಸದ್ದಿಲ್ದೆ ಹೋದ್ರು."

ಹೆಂಡತಿ ಕೈ ತೊಳೆದು ನೇರ ಫೋನಿನ ಕಡೆ ನಡೆದಳು.

ಗುರುವಾರ ಸಂಜೆ ಇನ್ನೊಂದು ಸುದ್ದಿ ಬಂತು. ನದಿಯ ಹಳೆಯ ಸೇತುವೆ ಬಿರುಕು ಬಿಟ್ಟಿದೆ, ಶುಕ್ರವಾರದಿಂದ ಯಾವ ಬಸ್ಸೂ ಅದರ ಮೇಲೆ ಹೋಗುವಂತಿಲ್ಲ, ಎಂಟು ಮಾರ್ಗ ಬದಲಾಗಬೇಕು. ಎಂಟು ಬದಲಾದರೆ ಎಲ್ಲದರ ಸಮಯವೂ ಬದಲಾಗುತ್ತದೆ. ವೇಳಾಪಟ್ಟಿಯ ಹಾಳೆ ಕೈಗೆ ಬರದೆ ಯಾವ ಚಾಲಕನೂ ಗೇರು ಹಾಕುವಂತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಆಗ್ಲಪ್ಪ ಎಂಟು ಮಾರ್ಗಗಳನ್ನೂ ತಿದ್ದಿ, ಉಳಿದಿದ್ದ ಹನ್ನೆರಡನೆಯ ಕಂಪೈಲರಿಗೆ ಒಪ್ಪಿಸಿದ. ಅದು ಓದಿ ಮುನ್ನೂರ ಹನ್ನೆರಡು ತಪ್ಪು ಹೇಳಿತು. ಹೊರಗೆ ಡಿಪೋದ ಅಂಗಳದಲ್ಲಿ ನಲವತ್ತಾರು ಬಸ್ಸುಗಳು ಇಂಜಿನ್ ಬಿಸಿ ಮಾಡಿಕೊಂಡು ನಿಂತಿದ್ದವು. ಸಾಹೇಬರು ಓಡಿ ಬಂದರು.

"ಏನ್ರೀ, ಹಾಳೆ ಎಲ್ಲಿ?"

"ಹನ್ನೆರಡಕ್ಕೆ ಅರ್ಥ ಆಗ್ತಿಲ್ಲ ಸಾರ್."

"ಹೊಸದಲ್ವೇನ್ರೀ ಅದು? ಗದರಿಸಿ ಹೇಳಿ!"

ಅಷ್ಟರಲ್ಲಿ ಗೇಟಿನ ಕಡೆಯಿಂದ ಗದ್ದಲ ಕೇಳಿಸಿತು. ಇಬ್ಬರೂ ಅಂಗಳಕ್ಕೆ ಓಡಿದರು. ಮೊದಲು ಕಂಡದ್ದು ಮಾವನ ಕೊಡೆಯ ತುದಿ. ಅದರ ಹಿಂದೆ ವಾಕಿಂಗಿನ ಹದಿನೇಳು ಮಂದಿ, ಟೈಲರು, ಅವರ ಭಾವಮೈದ, ಹೆಂಡತಿ, ಮಫ್ಲರ್ ಹಿಡಿದ ಅತ್ತೆ, ತಮಾಷೆ ನೋಡಲು ರಜೆ ಹಾಕಿ ಬಂದ ಷಡ್ಕ. ಟೈಲರು ಹೊಲಿದು ತಂದಿದ್ದ ಬಟ್ಟೆಯ ಫಲಕದ ಮೇಲೆ ದೊಡ್ಡಕ್ಷರದಲ್ಲಿ 'ಕಂಪೈಲರಿಗೆ ನ್ಯಾಯ ಸಿಗಲಿ' ಎಂದಿತ್ತು. ಅಂಚಿಗೆ ಅಂದದ ಜಾಲರಿಯನ್ನೂ ಕೊಟ್ಟಿದ್ದರು. ಹಾಳೆ ಬರದೆ ಸುಮ್ಮನೆ ಕುಳಿತಿದ್ದ ಚಾಲಕರಿಗೆ, ಸಾಹೇಬರು ಯಾರೋ ಇಬ್ಬರು ನೌಕರರನ್ನು ಕಿತ್ತು ಹಾಕಿದ್ದಾರೆ ಎಂದಷ್ಟೇ ತಿಳಿಯಿತು. ಅಷ್ಟೇ ಸಾಕಾಗಿತ್ತು. ನಲವತ್ತಾರು ಬಸ್ಸುಗಳ ಹಾರನ್ ಒಟ್ಟಿಗೆ ಕೂಗಿತು.

ಇಂಥ ಮುಹೂರ್ತಕ್ಕೆ ಸರಿಯಾಗಿ ವಿಭಾಗದ ಮೇಡಂ ಕಾರಿನಿಂದ ಇಳಿದರು. ಅವರು ಕಡಿಮೆ ಮಾತಿನವರು ಎಂದು ಹೆಸರಾಗಿತ್ತು. ಸುತ್ತ ನೋಡಿ, ಮಾವನ ಕೈಯಲ್ಲಿದ್ದ ಕಾಗದದತ್ತ ಕೈ ಚಾಚಿದರು. ಮಾವ ಮನವಿಪತ್ರವನ್ನು ಕೊಡದೆ ಗಟ್ಟಿಯಾಗಿ ಓದಿದರು.

"ಒಂದು: ಕಾರಣ ಕೊಡದೆ ವಜಾ ಮಾಡಿರುವ ನಾಲ್ಕನೆಯ ಮತ್ತು ಏಳನೆಯ ಕಂಪೈಲರನ್ನು ತಕ್ಷಣ ವಾಪಸ್ ತೆಗೆದುಕೊಳ್ಳಬೇಕು. ಎರಡು: ಇನ್ನು ಮುಂದೆ ಯಾರೂ ತೆಗೆಯಲಾಗದ ಹಾಗೆ ಅವರನ್ನು ಖಾಯಂ ಮಾಡಬೇಕು. ಮೂರು: ಮೂವರಿಗೂ ಒಂದೊಂದು ಪ್ರತ್ಯೇಕ ಕುರ್ಚಿ ಕೊಡಬೇಕು."

"ಮೇಡಂ, ನಾನು ಯಾರನ್ನೂ ವಜಾ ಮಾಡಿಲ್ಲ!" ಸಾಹೇಬರು ಬೆವರಿದರು. "ಆಗ್ಲಪ್ಪ, ಹೇಳ್ರೀ!"

"ನೀವೇ ಹೇಳಿದ್ರಲ್ಲ ಸಾರ್, ಹೊಸಬರಿದ್ದ ಮೇಲೆ ಹಳಬರು ಯಾಕೆ ಅಂತ."

"ನೋಡಿ, ಬಾಯಿಬಿಟ್ರು!" ಎಂದರು ಮಾವ. ಹಾರನ್ ಇನ್ನೊಮ್ಮೆ ಕೂಗಿತು.

ಮೇಡಂ ಕಂಪ್ಯೂಟರ್ ಕೋಣೆಯತ್ತ ನಡೆದರು. ಹಿಂದೆ ಆಗ್ಲಪ್ಪ, ಸಾಹೇಬರು, ಮಾವ, ಷಡ್ಕ, ವರ್ಕ್‌ಶಾಪಿನ ಮೇಸ್ತ್ರಿ. ಕೋಣೆಯಲ್ಲಿ ಜಾಗವಿದ್ದದ್ದು ಅಷ್ಟಕ್ಕೇ. ಉಳಿದವರು ಬಾಗಿಲಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದವಿಟ್ಟರು. ಮೇಡಂ ಪರದೆಯ ಮೇಲಿನ ಮುನ್ನೂರ ಹನ್ನೆರಡು ತಪ್ಪುಗಳನ್ನು ನೋಡಿದರು. ಅವರ ತುಟಿಯ ತುದಿ ಸ್ವಲ್ಪ ಅಲುಗಿತು.

"ಬಸ್ಸು ಹೊರಡಬೇಕಾದ್ರೆ ಏನು ಮಾಡ್ಬೇಕು?" ಎಂದು ಆಗ್ಲಪ್ಪನನ್ನು ಕೇಳಿದರು.

ಇಷ್ಟು ವರ್ಷದಲ್ಲಿ ಅವನನ್ನು ಇದನ್ನು ಮಾಡಿ ಎಂದವರಿದ್ದರು. ಏನು ಮಾಡಬೇಕು ಎಂದು ಕೇಳಿದವರು ಯಾರೂ ಇರಲಿಲ್ಲ.

"ಇಬ್ಬರನ್ನೂ ವಾಪಸ್ ಕರೆಸ್ಬೇಕು ಮೇಡಂ."

"ಕರೆಸಿ."

ಆಗ್ಲಪ್ಪ ಕುರ್ಚಿಯಲ್ಲಿ ಕುಳಿತ. ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಹಳೆಯ ಆವೃತ್ತಿಗಳನ್ನು ಜೋಪಾನವಾಗಿ ಇಟ್ಟಿದ್ದ ಉಗ್ರಾಣದ ವಿಳಾಸವನ್ನು ಪ್ಯಾಕೇಜ್ ಮ್ಯಾನೇಜರಿಗೆ ಹೇಳಿ, ನಾಲ್ಕು ಮತ್ತು ಏಳು ಬರಲಿ ಎಂದ. ಯಂತ್ರ ಯೋಚಿಸಿತು. ಆಮೇಲೆ ಒಂದು ಪರಿಹಾರ ಸೂಚಿಸಿತು: ಇವರಿಬ್ಬರು ಬರಬೇಕಾದರೆ ಹನ್ನೆರಡನ್ನು ತೆಗೆಯುತ್ತೇನೆ. ಒಪ್ಪಿಗೆಯೇ? ಮತ್ತೆ ಅದೇ ದೊಡ್ಡ ಹೌದು, ಅದೇ ಸಣ್ಣ ಇಲ್ಲ.

ಸಾಹೇಬರು ಭುಜದ ಮೇಲಿಂದ ಬಗ್ಗಿದರು. "ಒತ್ರೀ, ಒತ್ರೀ! ಒಂದು ಹೋದ್ರೆ ಹೋಗ್ಲಿ, ಎಂಟರ್ ಒತ್ರೀ!"

ಹನ್ನೆರಡು ಹೋದರೆ ನಾಳೆ ಚಾಲಕರ ಪಾಳಿ ಇರುವುದಿಲ್ಲ. ಎ.ಸಿ. ಆ ಗಳಿಗೆಯಲ್ಲೇ ಗುಂಯ್ ನಿಲ್ಲಿಸಿತು. ಆಗ್ಲಪ್ಪನ ಬೆರಳು ಎಂಟರ್ ಮೇಲೆ ಇಳಿಯಿತು, ಮುಟ್ಟಿತು, ಒತ್ತಲಿಲ್ಲ.

"ಆಗಲ್ಲ ಸಾರ್," ಎಂದ.

ವರ್ಷಗಟ್ಟಲೆ ಬಳಸದ ಮಾತಾದ್ದರಿಂದ ಅದು ತುಸು ತುಕ್ಕು ಹಿಡಿದಂತೆ ಹೊರಬಂತು. ಮೇಸ್ತ್ರಿಯ ಕೈಯಿಂದ ಪಾನಾ ಜಾರಿ ನೆಲಕ್ಕೆ ಬಿತ್ತು. ಬಾಗಿಲಲ್ಲಿದ್ದ ಚಾಲಕನೊಬ್ಬ ಹಿಂದಿರುಗಿ, "ಲೋ, ಆಗ್ಲಪ್ಪ ಆಗಲ್ಲ ಅಂದ್ರು ಕಣ್ರೋ!" ಎಂದು ಅಂಗಳಕ್ಕೆ ಕೂಗಿ ಹೇಳಿದ. ಆಗ್ಲಪ್ಪ ಸಣ್ಣ ಅಕ್ಷರವನ್ನು ಒತ್ತಿದ.

ಇಲ್ಲ ಎಂದರೆ ಯಂತ್ರ ಮುನಿಸಿಕೊಂಡು ಕೆಲಸ ಬಿಡುತ್ತದೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ. ಯಂತ್ರ ಮುನಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಯೋಚಿಸಿ, ಹಾಗಾದರೆ ಹೀಗೆ ಮಾಡೋಣವೇ ಎಂದು ಬೇರೆಯೇ ಪರಿಹಾರ ತಂದಿಟ್ಟಿತು: ಮೂರೂ ಇರಲಿ, ಯಾವುದೂ ಹೋಗುವುದು ಬೇಡ. ಆಗ್ಲಪ್ಪ ಆ ಸಾಲನ್ನು ಎರಡು ಸಲ ಓದಿಕೊಂಡ. ಬೇಡ ಅಂದದ್ದಕ್ಕೆ ಇದು ಸಿಕ್ಕಿತೇ? ಈ ಸಲ ದೊಡ್ಡ ಅಕ್ಷರವನ್ನು ತಾನಾಗಿ, ಗಟ್ಟಿಯಾಗಿ ಒತ್ತಿದ.

ನಾಲ್ಕು ಬಂತು. ಏಳು ಬಂತು. ಕುರ್ಚಿಯಲ್ಲಿ ಕೂರುವ ಸರದಿ ನಾಲ್ಕರದು ಎಂದು ಯಂತ್ರಕ್ಕೆ ಹೇಳಿ, ಹಳೆ ಇಂಜಿನಿಯರರ ಬರಹವನ್ನು ಮುಂದಿಟ್ಟ. ನಾಲ್ಕು ನಿಧಾನವಾಗಿ, ಯಾರ ಆತುರವನ್ನೂ ಲೆಕ್ಕಿಸದೆ ಓದಿತು. ಒಂದೇ ಒಂದು ತಪ್ಪನ್ನೂ ಹೇಳಲಿಲ್ಲ. ಪ್ರಿಂಟರು ಗಂಟಲು ಸರಿಪಡಿಸಿಕೊಂಡು ಮೊದಲ ಹಾಳೆಯನ್ನು ಹೊರಗೆ ಚಾಚಿತು. ಮೇಸ್ತ್ರಿ ಅದನ್ನು ಕಸಿದುಕೊಂಡು ಓಡಿದ. ಸ್ವಲ್ಪ ಹೊತ್ತಿಗೆ ಮೊದಲ ಬಸ್ಸು ಗೇಟು ದಾಟಿತು, ಅದರ ಹಿಂದೆ ಎರಡನೆಯದು, ಮೂರನೆಯದು. ಪ್ರತಿ ಬಸ್ಸೂ ಗೇಟಿನಲ್ಲಿ ಒಮ್ಮೆ ಹಾರನ್ ಹಾಕಿಯೇ ಹೋಯಿತು. ವಾಕಿಂಗಿನ ಹದಿನೇಳು ಮಂದಿ ತಾವೇ ಬಸ್ಸುಗಳನ್ನು ತಳ್ಳಿ ಕಳಿಸಿದವರಂತೆ ಬೀಗಿದರು.

"ಎರಡನೇ ಬೇಡಿಕೆ?" ಎಂದರು ಮೇಡಂ.

"ಖಾಯಂ ಮಾಡೋಕೂ ಒಂದು ಆಜ್ಞೆ ಇದೆ ಮೇಡಂ." ಆಗ್ಲಪ್ಪ ಅದನ್ನು ಬರೆದ. ಇನ್ನು ಪ್ಯಾಕೇಜ್ ಮ್ಯಾನೇಜರು ಹೇಳದೆ ಕೇಳದೆ ಆ ಎರಡನ್ನು ಅಲುಗಿಸುವಂತಿರಲಿಲ್ಲ.

ಮೇಡಂ ಮಾವನ ಕೈಯಿಂದ ಮನವಿಪತ್ರವನ್ನು ತೆಗೆದುಕೊಂಡು ಮೂರೂ ಬೇಡಿಕೆಗಳ ಕೆಳಗೆ 'ಮಂಜೂರು' ಎಂದು ಬರೆದು ಸಹಿ ಹಾಕಿದರು. ಸಾಹೇಬರತ್ತ ತಿರುಗಿ, "ಸಂಜೆಯೊಳಗೆ ಕುರ್ಚಿಗಳು ಬಂದಿರ್ಲಿ," ಎಂದು ಹೊರಟುಹೋದರು.

ಆಗ ಅತ್ತೆ ಮಫ್ಲರ್ ಹಿಡಿದು ಒಳಗೆ ಬಂದರು. "ಎಲ್ಲಪ್ಪಾ ಅವರು? ವಾಪಸ್ ಬಂದ್ರಲ್ಲ, ಒಂದು ಸಲ ಮುಖ ನೋಡ್ತೀನಿ."

ಎಲ್ಲರೂ ಆಗ್ಲಪ್ಪನನ್ನು ನೋಡಿದರು. ಊಟದ ಮನೆಯಲ್ಲಿ ತಪ್ಪಿಸಿಕೊಂಡಿದ್ದ ಆ ನಿಶ್ಶಬ್ದದ ಜಾಗ ಅಡ್ರೆಸ್ ಹುಡುಕಿಕೊಂಡು ಬಂದು ಎದುರು ನಿಂತಿತ್ತು. ಈ ಸಲ ಆಗ್ಲಪ್ಪ ಪರದೆಯತ್ತ ಬೆರಳು ತೋರಿಸಿದ. ಅದರ ಮೇಲೆ ಮೂರು ಸಾಲುಗಳಿದ್ದವು.

"ಇವರೇ ಅತ್ತೆ. ನಾಲ್ಕು, ಏಳು, ಹನ್ನೆರಡು. ಮನುಷ್ಯರಲ್ಲ. ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾಯ್ತು."

ಟೈಲರ ಭಾವಮೈದ ಜೇಬಿನಲ್ಲಿದ್ದ ಎರಡನೇ ಅರ್ಜಿಯನ್ನು ಇನ್ನೂ ಒಳಕ್ಕೆ ತುರುಕಿಕೊಂಡ. ಷಡ್ಕ ಗಹಗಹಿಸಿ ನಕ್ಕ. "ಅಂದ್ರೆ ನಿಮ್ಮ ಕೈಕೆಳಗೆ ಒಬ್ಬನೂ ಇಲ್ಲ! ಮೂರು ಸಾಲು! ಮಾವ, ಕೇಳಿದ್ರಾ? ಮೂರು ಸಾಲು!"

ಮಾವ ಕನ್ನಡಕ ಹಾಕಿಕೊಂಡು, ಉತ್ತರ ಪತ್ರಿಕೆ ನೋಡುವ ಹಾಗೆ ಆ ಮೂರು ಸಾಲುಗಳನ್ನು ಬಹಳ ಹೊತ್ತು ನೋಡಿದರು. ಅವರ ಹಿಂದೆ ಮೂವತ್ತನೆಯ ಬಸ್ಸು ಹಾರನ್ ಹಾಕಿ ಹೋಯಿತು.

"ಊಟ ಮಾಡಲ್ಲ ಅಂದಿದ್ದು ಸುಳ್ಳಲ್ಲ ಬಿಡಿ," ಎಂದರು ಕೊನೆಗೆ. ಆಮೇಲೆ ಕಿರಿಯ ಅಳಿಯನತ್ತ ತಿರುಗಿದರು. "ನಿಮ್ಮ ಕೈಕೆಳಗೆ ಇಬ್ಬರಿದ್ದಾರಲ್ಲ, ಅವರನ್ನ ತೆಗೆದ್ರೆ ಎಷ್ಟು ಬಸ್ ನಿಲ್ಲುತ್ತೆ?"

ಷಡ್ಕನ ನಗು ಅರ್ಧದಲ್ಲೇ ನಿಂತಿತು. ಅವನ ಬಣ್ಣದ ಕಾರ್ಖಾನೆಗೂ ಬಸ್ಸಿಗೂ ಏನು ಸಂಬಂಧ ಎಂದು ಕೇಳಬಹುದಿತ್ತು. ಆದರೆ ಮಾವ ಹೆಡ್‌ಮಾಸ್ತರರ ದನಿಯಲ್ಲಿ ಕೇಳಿದ ಪ್ರಶ್ನೆಗೆ ಎದುರು ಪ್ರಶ್ನೆ ಹಾಕಿದವರು ನಲವತ್ತು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಹೆಂಡತಿ ಬಾಗಿಲಲ್ಲೇ ನಿಂತು ಗಂಡನನ್ನು ನೋಡುತ್ತಿದ್ದಳು. ಅವಳ ಮುಖ ಆ ಭಾನುವಾರಕ್ಕಿಂತಲೂ ಒಂದು ಗುಲಗಂಜಿ ಹೆಚ್ಚೇ ಬೆಳಗುತ್ತಿತ್ತು. ಅತ್ತೆ ಮಫ್ಲರನ್ನು ಕಂಪ್ಯೂಟರಿಗೆ ಸುತ್ತಲು ಹೋದರು.

"ಆಗಲ್ಲ ಅತ್ತೆ, ಅವರಿಗೆ ಸೆಕೆ ಆಗುತ್ತೆ," ಎಂದು ಆಗ್ಲಪ್ಪ ಅದನ್ನು ತನ್ನ ಕೊರಳಿಗೇ ಸುತ್ತಿಕೊಂಡ.

ಸಂಜೆ ಮೂರು ಹೊಸ ಕುರ್ಚಿಗಳು ಬಂದವು. ಮಂಜೂರಾದ ಆದೇಶದಲ್ಲಿ ಕಂಪೈಲರಿಗೆ ಎಂದೇ ಇದ್ದುದರಿಂದ ಸ್ಟೋರ್‌ಕೀಪರ್ ಬೆನ್ನಿಗೆ ನಾಲ್ಕು, ಏಳು, ಹನ್ನೆರಡು ಎಂದು ಬಿಳಿ ಬಣ್ಣದಲ್ಲಿ ಬರೆಸಿಯೇ ಕಳಿಸಿದ್ದ. ಆಗ್ಲಪ್ಪ ಅವನ್ನು ಗೋಡೆಯುದ್ದಕ್ಕೂ ಸಾಲಾಗಿ ಇರಿಸಿ, ತನ್ನ ಹಳೆಯ ಕುರ್ಚಿಯಲ್ಲಿ ಕುಳಿತ.

ಸ್ವಲ್ಪ ಹೊತ್ತಿಗೆ ಸಾಹೇಬರು ಒಳಗೆ ಬಂದರು. ಇಡೀ ದಿನ ಓಡಾಡಿ ಬಸವಳಿದಿದ್ದರು. ಉಸ್ಸೆನ್ನುತ್ತ ಎಲ್ಲಕ್ಕಿಂತ ಹತ್ತಿರವಿದ್ದ ಕುರ್ಚಿಯತ್ತ ಬಾಗಿದರು.

ಆಗ್ಲಪ್ಪ ಪರದೆಯಿಂದ ತಲೆಯೆತ್ತದೆ ಹೇಳಿದ:

"ಆಗಲ್ಲ ಸಾರ್. ಅದು ನಾಲ್ಕನೆಯವರದು."